ಒಂಬತ್ತು ವಾರದ ಮುಧೋಳ ನಾಯಿಮರಿ, ಹೋಳಿಗೆ ಉಳಿದಿದ್ದು ನಾಲ್ಕೇ ವಾರ: ಹೊರಗೆ ಕರೆದೊಯ್ಯಲೋ ಬೇಡವೋ?

ಚಿಗರಿ ಅಮ್ಮ, ನವನಗರ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ಹೋದ ಭಾನುವಾರ ಮುಧೋಳ ಕಡೆಯ ಒಂದು ಹಳ್ಳಿಯಿಂದ ಹೆಣ್ಣು ಮರಿ ತಂದೆವು. ಮುಧೋಳ ತಳಿ, ಒಂಬತ್ತು ವಾರ ತುಂಬಿದೆ. ಮೈ ಕಂದು, ಎದೆ ಮೇಲೆ ಸ್ವಲ್ಪ ಬಿಳಿ. ಉದ್ದ ಕಾಲು ನೋಡಿ ನನ್ನ ಮಗ ಚಿಗರಿ ಅಂತ ಹೆಸರಿಟ್ಟಿದ್ದಾನೆ. ಅವನು ನಾಲ್ಕನೇ ಕ್ಲಾಸು.

ನಮ್ಮ ಮನೆಗೆ ನಾಯಿ ಬಂದಿದ್ದು ಇದೇ ಮೊದಲು. ರಾತ್ರಿ ಹನ್ನೊಂದಕ್ಕೆ ಅಳಲು ಶುರು ಮಾಡಿದರೆ ಎರಡು ಗಂಟೆವರೆಗೂ ನಿಲ್ಲಿಸುವುದಿಲ್ಲ. ಪಡಸಾಲೆಯಲ್ಲಿ ದಿನಕ್ಕೆ ಆರು ಏಳು ಸಲ ಉಚ್ಚೆ ಹೊಯ್ಯುತ್ತದೆ. ಮಗನ ಕೈ, ಅತ್ತೆಯವರ ಸೀರೆ ಅಂಚು, ಚಪ್ಪಲಿ, ಏನು ಸಿಕ್ಕರೂ ಕಚ್ಚುತ್ತದೆ. ಇವೆಲ್ಲ ಮರಿಗಳ ಸ್ವಭಾವ ಅಂತ ಗೊತ್ತು, ಆದರೂ ದಾರಿ ಹೇಳಿ.

ನನಗೆ ನಿಜವಾಗಿ ಚಿಂತೆ ಆಗಿರುವುದು ಬೇರೆ. ಮೊನ್ನೆ ಮೊದಲ ಇಂಜೆಕ್ಷನ್ ಆಯಿತು. ಎಲ್ಲಾ ಡೋಸ್ ಮುಗಿಯುವವರೆಗೆ ಹೊರಗೆ ತರಬೇಡಿ ಎಂದರು. ಅಂದರೆ ಇನ್ನೂ ಏಳು ವಾರ. ಆದರೆ ಹೋಳಿ ಹುಣ್ಣಿಮೆಗೆ ನಾಲ್ಕೇ ವಾರ ಇದೆ. ಬಾಗಲಕೋಟೆ ಹೋಳಿ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಹಲಗೆ ವಾದ್ಯದ ಸದ್ದು ಹುಣ್ಣಿಮೆಗೆ ಮೊದಲೇ ಶುರು, ಆಮೇಲೆ ಬಣ್ಣದ ಬಂಡಿಗಳು, ಜನ, ಕೂಗಾಟ. ಹೋದ ವರ್ಷ ಪಕ್ಕದ ಮನೆಯ ನಾಯಿ ಹೆದರಿ ಸರಪಳಿ ಕಿತ್ತುಕೊಂಡು ಓಡಿತ್ತು. ಎರಡು ದಿನ ಹುಡುಕಿದರು. ನಾಲ್ಕು ಗೋಡೆ ಬಿಟ್ಟು ಏನೂ ನೋಡದ ಮರಿ ಒಮ್ಮೆಲೇ ಹಲಗೆ ಸದ್ದು ಕೇಳಿದರೆ ಏನಾಗುತ್ತದೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಇಳಕಲ್ ಹುಡುಗ

ಅಕ್ಕಾ, ಉಚ್ಚೆ ಹೊಯ್ದ ಜಾಗಕ್ಕೆ ಮೂಗು ತಿಕ್ಕಿ, ಬೆನ್ನಿಗೆ ಮೆಲ್ಲಗೆ ಒಂದು ಏಟು ಹಾಕಿ. ನಮ್ಮ ಮನೆಯಲ್ಲಿ ಹೀಗೇ ಕಲಿಸಿದ್ದು. ಹತ್ತು ದಿನದಲ್ಲಿ ಸರಿಹೋಯಿತು.

ಲೋಕಾಪುರ ಕಾಕಾ

ತಮ್ಮಾ, ಆ ಮಾತು ಇಲ್ಲಿಗೇ ಬಿಡು. ಮುಧೋಳ ನಾಯಿಗಂತೂ ಅದು ಬೇಡವೇ ಬೇಡ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಈ ನಾಯಿಗಳಿವೆ. ಇವು ನೋಡಲು ಗಟ್ಟಿ, ಮನಸ್ಸು ಬಹಳ ಮೆತ್ತಗೆ. ಹೊಡೆದ ಕೈಯನ್ನು ಮರೆಯುವುದಿಲ್ಲ. ನಾನು ಹುಡುಗನಿದ್ದಾಗ ನಮ್ಮ ಅಣ್ಣ ಒಂದು ಮರಿಗೆ ಬಾರುಕೋಲಿನಿಂದ ಹೊಡೆದ. ಆಮೇಲೆ ಅದು ಬದುಕಿದಷ್ಟು ವರ್ಷವೂ ಅವನು ಕರೆದರೆ ಬರಲೇ ಇಲ್ಲ. ಅನ್ನ ಹಾಕಿದರೂ ಅವನು ದೂರ ಹೋದ ಮೇಲೆ ತಿನ್ನುತ್ತಿತ್ತು.

ಮೂಗು ತಿಕ್ಕಿದರೆ ಮರಿಗೆ ತಿಳಿಯುವುದು ಒಂದೇ: ಈ ಮನುಷ್ಯ ಇದ್ದಾಗ ಹೊಯ್ಯಬಾರದು. ಆಗ ಮಂಚದ ಕೆಳಗೆ, ಕಪಾಟಿನ ಹಿಂದೆ ಹೋಗಿ ಹೊಯ್ಯುತ್ತದೆ. ನಿಮ್ಮ ಮನೆಯಲ್ಲಿ ಹತ್ತು ದಿನದಲ್ಲಿ ಸರಿಹೋಗಿದ್ದು ಬಹುಶಃ ಮರಿ ಬೆಳೆದಿದ್ದಕ್ಕೆ, ಹೊಡೆದಿದ್ದಕ್ಕೆ ಅಲ್ಲ.

ತಂಗೀ, ರಾತ್ರಿ ಅಳುವುದಕ್ಕೆ ಒಂದು ಉಪಾಯ ಇದೆ. ಮರಿ ತಂದ ಮನೆಗೆ ಇನ್ನೊಮ್ಮೆ ಹೋಗಲು ಆಗುತ್ತದೆಯಾ? ತಾಯಿ ಮಲಗುವ ಗೋಣಿಚೀಲದ ಒಂದು ತುಂಡು ಕೇಳಿ ತನ್ನಿ. ತೊಳೆಯಬೇಡಿ. ಹಳೇ ಕೌದಿ ಮಡಚಿ ಹಾಸಿ, ಅದರ ಮೇಲೆ ಆ ತುಂಡು ಇಡಿ. ಹಾಸಿಗೆ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ಅಳುತ್ತಲೇ ಕೈ ಕೆಳಗೆ ಬಿಟ್ಟು ಮುಟ್ಟಿದರೆ ಸಾಕು. ಎಂಟು ಒಂಬತ್ತು ಮರಿಗಳ ನಡುವೆ ಒತ್ತಿ ಮಲಗುತ್ತಿದ್ದ ಕೂಸು ಅದು. ಒಂಟಿಯಾಗಿ ಮಲಗುವುದನ್ನು ಅದು ಈಗ ಕಲಿಯಬೇಕು.

ಟಿಳಕವಾಡಿ ಮೂರನೇ ಮಹಡಿ

ಬೆಳಗಾವಿಯಿಂದ. ಉಚ್ಚೆ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನನಗೆ ಅಂಗಳವೇ ಇರಲಿಲ್ಲ. ಮಳೆಗಾಲದಲ್ಲಿ ಮರಿ ತಂದೆ. ಬೆಳಗಾವಿ ಮಳೆ ಗೊತ್ತಲ್ವಾ, ವಾರಗಟ್ಟಲೆ ಬಿಡುವುದಿಲ್ಲ. ಆದರೂ ಕಲಿಯಿತು.

ಮರಿ ಹೊಯ್ಯುವ ಸಮಯ ನಾಲ್ಕೇ. ನಿದ್ದೆಯಿಂದ ಎದ್ದ ತಕ್ಷಣ, ಉಂಡು ಹತ್ತು ಇಪ್ಪತ್ತು ನಿಮಿಷಕ್ಕೆ, ಜೋರಾಗಿ ಆಡಿದ ಮೇಲೆ, ಮಲಗುವ ಮುಂಚೆ. ಈ ನಾಲ್ಕು ಹೊತ್ತಿಗೂ ಎತ್ತಿಕೊಂಡು ಒಂದೇ ಜಾಗಕ್ಕೆ ಹೋಗಿ. ಜಾಗ ಬದಲಿಸಬೇಡಿ. ಸುಮ್ನೆ ನಿಂತಿರಿ, ಮಾತಾಡಿಸಬೇಡಿ. ಹೊಯ್ದು ಮುಗಿಸಿದ ಕ್ಷಣಕ್ಕೆ ಹೊಗಳಿ, ಒಂದು ಚೂರು ತಿಂಡಿ ಕೊಡಿ. ಮನೆ ಒಳಗೆ ಬಂದ ಮೇಲೆ ಕೊಟ್ಟರೆ ಉಪಯೋಗ ಇಲ್ಲ. ಒಳಗೆ ಬಂದಿದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ.

ಎರಡು ತಿಂಗಳ ಮರಿಗೆ ಎರಡು ಮೂರು ಗಂಟೆಗಿಂತ ಜಾಸ್ತಿ ತಡೆದುಕೊಳ್ಳಲು ಆಗುವುದಿಲ್ಲ. ಎಚ್ಚರ ಇರುವಾಗ ಇನ್ನೂ ಕಡಿಮೆ. ಹಾಗಾಗಿ ರಾತ್ರಿ ಒಂದು ಸಲ ನೀವೇ ಏಳಬೇಕು. ಒಳಗೆ ಹೊಯ್ದರೆ ಬರೀ ಫಿನೈಲ್ ಹಾಕಿ ಒರೆಸಬೇಡಿ. ಆ ವಾಸನೆ ನಮ್ಮ ಮೂಗಿಗೆ ಸಾಕು, ಅದರ ಮೂಗಿಗೆ ಕೆಳಗಿನ ವಾಸನೆ ಸಿಗುತ್ತಲೇ ಇರುತ್ತದೆ. ಮತ್ತೆ ಅಲ್ಲೇ ಹೋಗುತ್ತದೆ. ನೀರಿಗೆ ವಿನೆಗರ್ ಬೆರೆಸಿ ಎರಡು ಸಲ ಒರೆಸಿ.

ಗೋಕಾಕ ಓದುಗ

ಹೊರಗೆ ಕರೆದೊಯ್ಯುವ ವಿಷಯಕ್ಕೆ ನನ್ನ ಮಾತು ಕೇಳಿ. ಬೇಡ.

ಎರಡು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಲ್ಯಾಬ್ರಡಾರ್ ಮರಿ ಬಂದಿತ್ತು. ಒಂದೇ ಡೋಸ್ ಆಗಿತ್ತು. ಮಕ್ಕಳ ಖುಷಿಗೆ ಸಂತೆಗೆ ಕರೆದುಕೊಂಡು ಹೋದೆ. ಕೆಳಗೆ ಬಿಟ್ಟೆ. ಅಲ್ಲಿ ಇಲ್ಲಿ ಮೂಸಿತು, ನೆಲ ನೆಕ್ಕಿತು. ಐದಾರು ದಿನಕ್ಕೆ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಪಾರ್ವೊ ಎನ್ನುವ ವೈರಸ್ ರೋಗ ಎಂದರು. ಮೂರು ದಿನ ಸಲೈನ್ ಹಾಕಿಸಿದೆವು. ನಾಲ್ಕನೇ ದಿನ ಬೆಳಿಗ್ಗೆ ನನ್ನ ತೊಡೆ ಮೇಲೆ ಹೋಯಿತು. ಮಗಳು ಇವತ್ತಿಗೂ ಬೇರೆ ಮರಿ ಬೇಡ ಎನ್ನುತ್ತಾಳೆ.

ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಗೂ ಬರುತ್ತದೆ. ಏಳು ವಾರ ಕಾಯಿರಿ. ಹೋಳಿ ಮುಂದಿನ ವರ್ಷವೂ ಬರುತ್ತದೆ.

ಜಮಖಂಡಿ ಟೀಚರ್

ಗೋಕಾಕದವರೇ, ಓದಿ ಬಹಳ ಸಂಕಟವಾಯಿತು. ನಿಮ್ಮ ಭಯ ಸುಳ್ಳಲ್ಲ. ಆದರೆ ಇನ್ನೊಂದು ಕಡೆಯ ಕಥೆಯೂ ಇದೆ, ಹೇಳಲೇಬೇಕು.

ನಮ್ಮ ಮನೆಯ ನಾಯಿಯೂ ಮುಧೋಳ. ಈಗ ನಾಲ್ಕು ವರ್ಷ. ಮರಿ ಇದ್ದಾಗ ಪಾರ್ವೊ ಹೆದರಿಕೆಗೆ ಐದು ತಿಂಗಳು ಗೇಟು ದಾಟಿಸಲಿಲ್ಲ. ಮನೆಗೆ ಬರುವವರನ್ನೂ ದೂರ ಇಟ್ಟೆವು. ರೋಗ ಒಂದೂ ಬರಲಿಲ್ಲ. ಆದರೆ ಈಗ ಆ ನಾಯಿಗೆ ಬೈಕ್ ಎಂದರೆ ಭಯ, ಛತ್ರಿ ಎಂದರೆ ಭಯ, ಟೋಪಿ ಹಾಕಿದವರು ಎಂದರೆ ಭಯ. ಹೊಸಬರು ಮನೆಗೆ ಬಂದರೆ ಮಂಚದ ಕೆಳಗೆ ಸೇರಿ ನಡುಗುತ್ತದೆ. ದೀಪಾವಳಿಯಲ್ಲಿ ಎರಡು ದಿನ ಅನ್ನ ಮುಟ್ಟುವುದಿಲ್ಲ. ಅದನ್ನು ನೋಡುವಾಗಲೆಲ್ಲ ನನ್ನದೇ ತಪ್ಪು ಅನಿಸುತ್ತದೆ. ಮರಿ ಇದ್ದಾಗ ಅದಕ್ಕೆ ಲೋಕ ತೋರಿಸಲಿಲ್ಲ. ಈಗ ಎಷ್ಟು ತೋರಿಸಿದರೂ ನಂಬುವುದಿಲ್ಲ.

ಚಿಗರಿ ಅಮ್ಮ, ನವನಗರ

ಇಬ್ಬರ ಮಾತೂ ಓದಿ ರಾತ್ರಿ ನಿದ್ದೆ ಬರಲಿಲ್ಲ. ಹೋದರೆ ರೋಗ, ಹೋಗದಿದ್ದರೆ ಭಯ. ಹಾಗಾದರೆ ನಾನೇನು ಮಾಡಲಿ?

ನಿವೃತ್ತ ಪಶುವೈದ್ಯ, ವಿಜಯಪುರ

ತಂಗಿ, ಎರಡೂ ನಿಜ. ಆದರೆ ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಇಂಜೆಕ್ಷನ್ ಯಾಕೆ ಇಷ್ಟು ಸಲ ಎಂದು ತಿಳಿಯಿರಿ. ಹುಟ್ಟಿದ ದಿನ ಕುಡಿದ ಗಿಣ್ಣದ ಹಾಲಿನಿಂದ ಮರಿಗೆ ತಾಯಿಯ ರೋಗನಿರೋಧಕ ಶಕ್ತಿ ಬಂದಿರುತ್ತದೆ. ಅದು ಇರುವಷ್ಟು ದಿನ ನಾವು ಕೊಟ್ಟ ಲಸಿಕೆಯನ್ನೂ ಅದೇ ಹೊಡೆದು ಹಾಕುತ್ತದೆ. ಒಂದು ಮರಿಯಲ್ಲಿ ಅದು ಎಂಟನೇ ವಾರಕ್ಕೆ ಇಳಿದಿರಬಹುದು, ಇನ್ನೊಂದರಲ್ಲಿ ಹದಿನಾಲ್ಕನೇ ವಾರದವರೆಗೂ ಉಳಿದಿರಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ 6ರಿಂದ 8ನೇ ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ, 16ನೇ ವಾರದವರೆಗೆ ಹೋಗುವುದು. ಕೊನೆಯ ಡೋಸ್ ತಪ್ಪಿಸುವವರು ಬಹಳ ಜನ. ಎಲ್ಲಕ್ಕಿಂತ ಮುಖ್ಯ ಅದೇ. ರೇಬೀಸ್ ಇಂಜೆಕ್ಷನ್ ಬೇರೆ. ಅದು ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ.

ಈಗ ಇನ್ನೊಂದು ಕಡೆ. ನಾಯಿಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಕಾಲ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ. ಆಮೇಲೆ ಬಾಗಿಲು ಮುಚ್ಚಿಯೇ ಹೋಗುತ್ತದೆ ಅಂತಲ್ಲ, ಆದರೆ ತೆರೆಯಲು ಬಹಳ ಕಷ್ಟ. ಟೀಚರ್ ಹೇಳಿದ್ದು ಇದನ್ನೇ. ಚಿಗರಿಗೆ ಈಗ ಒಂಬತ್ತು. ಅಂದರೆ ಐದು ವಾರ ಕೈಯಲ್ಲಿದೆ. ಹೋಳಿ ಹೊತ್ತಿಗೆ ಹದಿಮೂರು.

ರೋಗ ಬರುವುದು ಮುಖ್ಯವಾಗಿ ನೆಲದಿಂದ, ಬೇರೆ ನಾಯಿಗಳ ಮಲದಿಂದ. ಕಣ್ಣಿನಿಂದ, ಕಿವಿಯಿಂದ ಬರುವುದಿಲ್ಲ. ಹಾಗಾಗಿ ಎತ್ತಿಕೊಂಡು ಹೋಗಿ. ಕೆಳಗೆ ಬಿಡಬೇಡಿ. ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಹತ್ತು ನಿಮಿಷ ತೊಡೆ ಮೇಲೆ ಇಟ್ಟುಕೊಂಡು ಕೂರಿ. ಆಟೋದಲ್ಲಿ ಒಂದು ಸುತ್ತು ಹೋಗಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲಿ. ಟೋಪಿ, ಪೇಟ, ಹೆಲ್ಮೆಟ್, ಬುರ್ಖಾ, ಕೋಲು ಹಿಡಿದ ಅಜ್ಜ, ಬಳೆ ಸದ್ದು ಮಾಡುವ ಅಜ್ಜಿ, ಎಲ್ಲರನ್ನೂ ನೋಡಲಿ. ಲಸಿಕೆ ಪೂರ್ತಿಯಾದ ಆರೋಗ್ಯದ ನಾಯಿ ಇರುವ ಗೆಳೆಯರ ಮನೆಗೆ ಹೋಗಬಹುದು. ಮೊದಲ ಡೋಸ್ ಆಗಿ ಒಂದು ವಾರ ಕಳೆದಿರಲಿ, ಅಷ್ಟೇ. ಬೀದಿ ನಾಯಿ ಓಡಾಡುವ ನೆಲ, ಸಂತೆ, ಖಾಲಿ ಸೈಟು, ಪಶು ಆಸ್ಪತ್ರೆಯ ಅಂಗಳ, ಇವು ಬೇಡ. ಆಸ್ಪತ್ರೆಯಲ್ಲೂ ಮರಿಯನ್ನು ತೊಡೆ ಮೇಲೇ ಇಟ್ಟುಕೊಳ್ಳಿ. ರೋಗ ಬಂದ ನಾಯಿಗಳು ಬರುವುದೇ ಅಲ್ಲಿಗೆ. ಹೊರಗಿನ ಚಪ್ಪಲಿ ಬಾಗಿಲಲ್ಲೇ ಬಿಡಿ.

ಒಂದು ಎಚ್ಚರ. ತೋರಿಸುವುದು ಎಂದರೆ ಬಲವಂತ ಅಲ್ಲ. ಬಾಲ ಕಾಲೊಳಗೆ ಹೋಯಿತು, ಕಿವಿ ಹಿಂದೆ ಹೋಯಿತು, ಕೊಟ್ಟ ತಿಂಡಿ ತಿನ್ನಲಿಲ್ಲ ಎಂದರೆ ನೀವು ತುಂಬಾ ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ. ತಿಂಡಿ ತಿನ್ನುವಷ್ಟು ದೂರದಲ್ಲಿ ನಿಲ್ಲಿ. ನಾಳೆ ಎರಡು ಹೆಜ್ಜೆ ಮುಂದೆ.

ಚಿಗರಿ ಅಮ್ಮ, ನವನಗರ

ಡಾಕ್ಟರೇ, ನಿಮ್ಮ ಋಣ ದೊಡ್ಡದು. ಹಲಗೆಗೆ ಏನು ಮಾಡಲಿ ಅಂತಲೂ ಹೇಳಿಬಿಡಿ.

ನಿವೃತ್ತ ಪಶುವೈದ್ಯ, ವಿಜಯಪುರ

ಮೊಬೈಲಿನಲ್ಲಿ ಹಲಗೆ ವಿಡಿಯೋ ಸಿಗುತ್ತದಲ್ಲ, ಅದನ್ನೇ ಬಳಸಿ. ಚಿಗರಿ ಉಣ್ಣುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಬಹಳ ಸಣ್ಣ ಸದ್ದಿನಲ್ಲಿ ಹಾಕಿ. ಎಷ್ಟು ಸಣ್ಣದೆಂದರೆ, ಕಿವಿ ಎತ್ತಿ ಕೇಳಿ ಮತ್ತೆ ತಾಟಿಗೆ ಬಾಯಿ ಹಾಕಬೇಕು. ಎರಡು ದಿನಕ್ಕೊಮ್ಮೆ ಸ್ವಲ್ಪ ಏರಿಸಿ. ಊಟ ನಿಲ್ಲಿಸಿದರೆ ಹಿಂದಿನ ಸದ್ದಿಗೆ ವಾಪಸ್. ಊಟ ಮುಗಿದರೆ ಸದ್ದೂ ನಿಲ್ಲಬೇಕು. ಹಲಗೆ ಬಂತು ಎಂದರೆ ಊಟ ಬಂತು ಎಂದು ಅದರ ತಲೆಯಲ್ಲಿ ಕೂರಬೇಕು.

ಲೋಕಾಪುರ ಕಾಕಾ

ಡಾಕ್ಟರು ಹೇಳಿದ್ದು ಹೊಸ ಮಾತಲ್ಲ, ನಮ್ಮವರು ತಿಳಿಯದೆಯೇ ಮಾಡುತ್ತಿದ್ದರು. ಹಳ್ಳಿಯಲ್ಲಿ ಮರಿ ಹುಟ್ಟುವುದೇ ದನದ ಕೊಟ್ಟಿಗೆಯಲ್ಲಿ. ಎತ್ತಿನ ಗಂಟೆ, ಟ್ರ್ಯಾಕ್ಟರ್, ಭಜನೆ, ಮಕ್ಕಳ ಗಲಾಟೆ, ಎಲ್ಲ ಕೇಳುತ್ತಲೇ ಬೆಳೆಯುತ್ತದೆ. ಪೇಟೆ ಮನೆಯಲ್ಲಿ ಬಾಗಿಲು ಮುಚ್ಚಿದ್ದರಿಂದ ಈ ಪಾಡು.

ಮಗನಿಗೆ ಹೇಳು ತಂಗೀ, ಅವನ ಮನೆಗೆ ಬಂದಿರುವುದು ಸಾಮಾನ್ಯ ನಾಯಿಯಲ್ಲ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಸುತ್ತಲಿನ ಹಳ್ಳಿಗಳ ನಾಯಿಗಳಲ್ಲಿ ಒಳ್ಳೆಯವನ್ನು ಆರಿಸಿ, ಸಾಕಿ, ಈ ತಳಿಯನ್ನು ಉಳಿಸಿದರು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಇಲ್ಲೇ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಸೇನೆಗೂ ಇಲ್ಲಿಂದ ಮರಿಗಳು ಹೋಗಿವೆ.

ಆದರೆ ನನಗೆ ಒಂದು ನೋವು. 2020ರಲ್ಲಿ ಪ್ರಧಾನಿ ರೇಡಿಯೋ ಮಾತಿನಲ್ಲಿ ದೇಶಿ ತಳಿಗಳ ಜೊತೆ ಮುಧೋಳದ ಹೆಸರು ಹೇಳಿದ ಮೇಲೆ ದೂರದ ಊರಿನವರೂ ಬಂದು ಒಯ್ಯತೊಡಗಿದರು. ಒಯ್ದವರಲ್ಲಿ ಕೆಲವರು ಒಂದು ಮೊಳ ಸರಪಳಿಗೆ ಕಟ್ಟಿ ಹಾಕುತ್ತಾರೆ. ಓಡಲು ಹುಟ್ಟಿದ ಜೀವ ಅದು. ಕಟ್ಟಿದರೆ ಹುಚ್ಚು ಹಿಡಿದಂತೆ ಆಡುತ್ತದೆ, ಆಮೇಲೆ ನಾಯಿ ಸಿಟ್ಟಿನದು ಎಂದು ದೂರುತ್ತಾರೆ. ಇನ್ನು ಮೊಲದ ಬೇಟೆಗೆ ಬಿಡೋಣ ಅನ್ನುವವರು ಬಂದರೆ ಒಪ್ಪಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ತಿಕೋಟಾ ದ್ರಾಕ್ಷಿ ತೋಟ

ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ನಮ್ಮದು ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು. ಈಗ ಶೆಡ್ಡಿನ ಸೀಸನ್. ಮೂರು ವರ್ಷದ ಹಿಂದೆ ನಮ್ಮ ಮರಿ ಶೆಡ್ಡಿನ ಕೆಳಗೆ ಉದುರಿದ ಮಣೂಕ, ಅಂದರೆ ಒಣದ್ರಾಕ್ಷಿ, ತಿಂದಿತು. ಎಷ್ಟು ತಿಂದಿತು ಗೊತ್ತಿಲ್ಲ. ಸಂಜೆಗೆ ವಾಂತಿ, ಮರುದಿನ ಎದ್ದು ನಿಲ್ಲಲೂ ಆಗಲಿಲ್ಲ. ಉಚ್ಚೆ ನಿಂತೇ ಹೋಗಿತ್ತು. ಆಸ್ಪತ್ರೆಗೆ ಹೋದಾಗ ಮೂತ್ರಪಿಂಡಕ್ಕೆ ಪೆಟ್ಟಾಗಿದೆ ಎಂದರು. ಐದು ದಿನ ಸಲೈನ್ ಹಾಕಿಸಿ ಉಳಿಸಿಕೊಂಡೆವು. ಅಲ್ಲಿವರೆಗೆ ನಮಗೆ ಗೊತ್ತೇ ಇರಲಿಲ್ಲ. ನಾವು ಮಕ್ಕಳಿಗೆ ಮುಷ್ಟಿ ತುಂಬಾ ಕೊಡುವ ಪದಾರ್ಥ ನಾಯಿಗೆ ವಿಷ.

ನಮ್ಮ ಜಿಲ್ಲೆಯಲ್ಲಿ ಮನೆ ಮನೆಯಲ್ಲೂ ಮಣೂಕ ಇರುತ್ತದೆ. ದಯವಿಟ್ಟು ಎಲ್ಲರೂ ನೆನಪಿಡಿ. ದ್ರಾಕ್ಷಿ, ಒಣದ್ರಾಕ್ಷಿ ಒಂದು ಕಾಳೂ ಬೇಡ. ಪಾಯಸದಲ್ಲಿ ಇದ್ದರೂ ಬೇಡ.

ನಿವೃತ್ತ ಪಶುವೈದ್ಯ, ವಿಜಯಪುರ

ಬಹಳ ಒಳ್ಳೆಯ ಮಾತು ಎತ್ತಿದಿರಿ. ತಿಂದಿದ್ದು ಕಂಡರೆ ವಾಂತಿ ಆಗಲಿ ಎಂದು ಕಾಯಬೇಡಿ, ಆ ಗಳಿಗೆಗೇ ಡಾಕ್ಟರ ಹತ್ತಿರ ಹೋಗಿ. ಮೊದಲ ಎರಡು ಗಂಟೆ ಬಹಳ ಮುಖ್ಯ. ಜೊತೆಗೆ ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿಯೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಅಂದರೆ ನಮ್ಮ ಒಗ್ಗರಣೆ ಸಾರು, ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ, ಯಾವುದೂ ಬೇಡ. ಬೇಯಿಸಿದ ಎಲುಬೂ ಬೇಡ. ಚೂರಾಗಿ ಕರುಳಿಗೆ ಚುಚ್ಚುತ್ತದೆ.

ಚಿಗರಿ ಅಮ್ಮ, ನವನಗರ

ಅಯ್ಯೋ, ಅತ್ತೆಯವರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹಾಕುತ್ತಿದ್ದಾರೆ. ಸಾರೂ ಸ್ವಲ್ಪ ಹಾಕಿದ್ದರು. ಮೂರು ದಿನದಿಂದ ಭೇದಿ ತೆಳ್ಳಗಿದೆ. ಇದಕ್ಕೇನಾ?

ಲೋಕಾಪುರ ಕಾಕಾ

ಸಾರು ನಿಲ್ಲಿಸು. ಹಾಲು ಕೆಲವು ಮರಿಗಳಿಗೆ ಜೀರ್ಣ ಆಗುವುದಿಲ್ಲ. ಮೊಸರು ಹಾಕು, ಅದು ಹೊಂದುತ್ತದೆ. ಜೋಳದ ರೊಟ್ಟಿ ನೆನೆಸಿ ಕೊಡಬಹುದು, ಆದರೆ ಬರೀ ಅದರಲ್ಲೇ ಬೆಳೆಸಬೇಡ. ನಮ್ಮ ಹಿರಿಯರು ಗೋವಿನಜೋಳದ ನುಚ್ಚು, ಹಾಲು ಹಾಕಿ ಬೆಳೆಸಿದರು ನಿಜ. ಆ ನಾಯಿಗಳು ಹೊಲದಲ್ಲಿ ಓಡಾಡಿ ಇಲಿ, ಮತ್ತೊಂದು ತಿಂದು ಸರಿದೂಗಿಸಿಕೊಳ್ಳುತ್ತಿದ್ದವು. ಪೇಟೆ ಮರಿಗೆ ಆ ದಾರಿ ಇಲ್ಲ. ಬೇಯಿಸಿದ ತತ್ತಿ ದಿನಾ ಒಂದು, ಎಲುಬು ತೆಗೆದ ಕೋಳಿ ಮಾಂಸ, ಅನ್ನ ಅಥವಾ ನುಚ್ಚು. ನಿಮ್ಮದು ಮಾಂಸ ತಿನ್ನದ ಮನೆಯಾದರೆ ಮರಿಗಳ ಪ್ಯಾಕೆಟ್ ಆಹಾರವೇ ಸರಿ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ. ಒಂದೇ ಸಲ ತುಂಬಿಸಬೇಡ. ಪಕ್ಕೆಲುಬು ಸ್ವಲ್ಪ ಕಾಣುತ್ತವೆ ಎಂದು ಅತ್ತೆ ಗಾಬರಿ ಆಗುತ್ತಾರೆ ನೋಡು, ಹೇಳಿಬಿಡು, ಈ ತಳಿ ಇರುವುದೇ ಹಾಗೆ.

ನಿವೃತ್ತ ಪಶುವೈದ್ಯ, ವಿಜಯಪುರ

ಭೇದಿಗೆ ಆಹಾರವೇ ಕಾರಣ ಎಂದು ಇಲ್ಲಿಂದಲೇ ಹೇಳಲಾರೆ. ಜಂತಿನ ಔಷಧಿ ಆಗಿದೆಯಾ? ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಆಗಬೇಕು. ಮಲದ ಮಾದರಿ ಒಯ್ದು ನಾಳೆಯೇ ತೋರಿಸಿ. ಮಂಕಾದರೆ, ವಾಂತಿ ಆದರೆ ಅಥವಾ ರಕ್ತ ಕಂಡರೆ ನಾಳೆವರೆಗೂ ಕಾಯಬೇಡಿ.

ಚಿಗರಿ ಅಮ್ಮ, ನವನಗರ (ಎಂಟು ದಿನದ ನಂತರ)

ಜಂತೇ ಕಾರಣ. ಔಷಧಿ ಹಾಕಿಸಿದೆ, ಈಗ ಗಟ್ಟಿಯಾಗಿದೆ. ಗೋಣಿಚೀಲದ ತುಂಡು ತರಲು ನನ್ನ ಯಜಮಾನರು ಆ ಹಳ್ಳಿಗೆ ಬೈಕಿನಲ್ಲಿ ಹೋಗಿ ಬಂದರು. ಕಾಕಾ, ಏನು ಹೇಳಲಿ, ಆ ರಾತ್ರಿ ಮರಿ ಅದರೊಳಗೆ ಮೂಗು ಹುದುಗಿಸಿ ಐದು ನಿಮಿಷ ಸುಮ್ನೆ ಉಸಿರು ಎಳೆದುಕೊಂಡಿತು. ಆಮೇಲೆ ಮಲಗಿತು. ನನಗೇ ಅಳು ಬಂತು. ತಾಯಿಯಿಂದ ಕಿತ್ತು ತಂದಿದ್ದೇವೆ ಎನ್ನುವುದು ಅಲ್ಲಿವರೆಗೆ ತಲೆಗೆ ಹೋಗಿರಲಿಲ್ಲ.

ಉಚ್ಚೆ ಈಗ ಹಿತ್ತಲಿನ ಬೇವಿನ ಮರದ ಕೆಳಗೆ. ಕಾಂಪೌಂಡ್ ಇದೆ, ಬೇರೆ ನಾಯಿ ಬರುವುದಿಲ್ಲ. ದಿನಕ್ಕೆ ಒಂದೆರಡು ಸಲ ತಪ್ಪುತ್ತದೆ, ಅದೂ ನಾವು ಮೈ ಮರೆತಾಗ.

ಆದರೆ ಕಚ್ಚುವುದು ಹೆಚ್ಚಾಗಿದೆ. ಬೇಡ ಅಂದಷ್ಟೂ ಜಾಸ್ತಿ ಮಾಡುತ್ತದೆ. ಯಜಮಾನರು ‘ನೋ’ ಎನ್ನುತ್ತಾರೆ, ಅತ್ತೆ ‘ಹಚಾ’ ಎನ್ನುತ್ತಾರೆ, ಮಗ ಕಿರುಚಿ ಓಡುತ್ತಾನೆ. ನಿನ್ನೆ ಅವನ ಕೈಗೆ ಹಲ್ಲು ತಾಗಿ ಒಂದು ಚುಕ್ಕೆ ರಕ್ತ ಬಂತು.

ನಿವೃತ್ತ ಪಶುವೈದ್ಯ, ವಿಜಯಪುರ

ಮೊದಲು ಮಗನ ಕೈ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದಿರಾ? ಇಲ್ಲದಿದ್ದರೆ ಈಗಲೇ ತೊಳೆಯಿರಿ, ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. ಮರಿ ಚಿಕ್ಕದು, ಮನೆಯದು, ಸುಮ್ನೆ ಹಲ್ಲು ತಾಗಿದ್ದು ಎಂದು ಬಿಡಬೇಡಿ. ಅದಕ್ಕೆ ರೇಬೀಸ್ ಇಂಜೆಕ್ಷನ್ ಇನ್ನೂ ಆಗಿಲ್ಲ. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಸುವ ಔಷಧಿ ಇಲ್ಲ, ಅದಕ್ಕೂ ಮುಂಚೆ ತಡೆಯುವ ಲಸಿಕೆ ಇದೆ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ನನ್ನ ಕೆಲಸದ ವರ್ಷಗಳಲ್ಲಿ ನೋಡಬಾರದ್ದನ್ನು ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಟಿಳಕವಾಡಿ ಮೂರನೇ ಮಹಡಿ

ಅಕ್ಕಾ, ನಿಮ್ಮ ಪೋಸ್ಟಿನಲ್ಲೇ ಉತ್ತರ ಇದೆ. ಮೂರು ಜನ, ಮೂರು ಮಾತು. ಮರಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಗೊತ್ತಾಗುವುದು ಒಂದೇ ಸದ್ದು, ಒಂದೇ ಫಲ. ಇವತ್ತು ರಾತ್ರಿ ಎಲ್ಲರೂ ಕೂತು ಒಂದು ಮಾತು ಗೊತ್ತು ಮಾಡಿ. ನಮ್ಮ ಮನೆಯಲ್ಲಿ ‘ಬಿಡು’ ಅಂತ ಇಟ್ಟುಕೊಂಡೆವು. ಅಜ್ಜನಿಂದ ಕೂಸಿನವರೆಗೆ ಎಲ್ಲರಿಗೂ ‘ಬಿಡು’. ಕರೆಯಲು ‘ಬಾ’, ಬೇರೇನೂ ಇಲ್ಲ.

ಹಲ್ಲು ಚರ್ಮಕ್ಕೆ ತಾಗಿದ ಕ್ಷಣ ಆಟ ನಿಲ್ಲಬೇಕು. ಕೈ ಎಳೆದುಕೊಳ್ಳಬೇಡಿ, ಎಳೆದರೆ ಅದು ಹಿಂದೆ ಬೀಳುತ್ತದೆ. ಬೇಟೆ ತಳಿ ಅಲ್ವಾ, ಓಡುವುದನ್ನು ಹಿಡಿಯುವುದು ಅದರ ರಕ್ತದಲ್ಲೇ ಇದೆ. ಮಗನಿಗೆ ಮರದ ಹಾಗೆ ನಿಲ್ಲುವುದನ್ನು ಕಲಿಸಿ. ಕೈ ಎದೆ ಮೇಲೆ ಕಟ್ಟಿ, ಆಕಾಶ ನೋಡುತ್ತಾ. ಅರ್ಧ ನಿಮಿಷ. ಮರಿಗೆ ಬೇಜಾರಾಗಿ ಕೂರುತ್ತದೆ. ಕೂತ ತಕ್ಷಣ ಕಚ್ಚಲು ಬೇರೆ ಏನಾದರೂ ಕೊಡಿ. ಹಳೇ ಬಟ್ಟೆಗೆ ಗಂಟು ಹಾಕಿ, ನೀರಿನಲ್ಲಿ ನೆನೆಸಿ, ಫ್ರಿಜ್ಜಿನಲ್ಲಿಟ್ಟು ಕೊಟ್ಟರೆ ವಸಡಿಗೂ ಹಿತ. ಮರಿ ಚೂರು ಕಿತ್ತು ನುಂಗದ ಹಾಗೆ ನೀವು ಎದುರಿಗೇ ಇರಿ.

ಇನ್ನೊಂದು ನಮಗೆ ತಡವಾಗಿ ತಿಳಿಯಿತು. ಮರಿ ದಿನಕ್ಕೆ ಹದಿನೆಂಟು ಗಂಟೆ ನಿದ್ದೆ ಮಾಡಬೇಕು. ಸಂಜೆ ಹುಚ್ಚೆದ್ದು ಕಚ್ಚುತ್ತದೆ ಎಂದರೆ ಬಹಳ ಸಲ ನಿದ್ದೆ ಕಡಿಮೆಯಾಗಿದೆ ಅಂತ ಅರ್ಥ. ಆಡಿಸಬೇಡಿ, ಮಲಗಿಸಿ.

ಇಳಕಲ್ ಹುಡುಗ

ಮೊದಲ ದಿನ ಮೂಗು ತಿಕ್ಕಲು ಹೇಳಿದವನು ನಾನು. ಕಾಕಾ ಹೇಳಿದ್ದನ್ನು ಯೋಚಿಸಿದೆ. ನಮ್ಮ ನಾಯಿ ಈಗಲೂ ಉಚ್ಚೆ ಹೊಯ್ಯಲು ನಮ್ಮ ಕಣ್ಣು ತಪ್ಪಿಸಿಯೇ ಹೋಗುತ್ತದೆ. ನಾವು ನಾಚಿಕೆ ಅಂದುಕೊಂಡಿದ್ದೆವು. ಅದು ಹೆದರಿಕೆ ಅಂತ ಈಗ ಗೊತ್ತಾಯಿತು. ಇದಕ್ಕೇನಾದರೂ ದಾರಿ ಇದೆಯಾ?

ಲೋಕಾಪುರ ಕಾಕಾ

ಇದೆ ತಮ್ಮಾ. ನಿಧಾನ ಆಗುತ್ತದೆ. ದಿನಾ ಹೊರಗೆ ಕರೆದುಕೊಂಡು ಹೋಗು, ಮುಖ ಬೇರೆ ಕಡೆ ತಿರುಗಿಸಿ ನಿಲ್ಲು. ಅದು ಹೊಯ್ದರೆ ಮೆಲ್ಲಗೆ ಒಂದು ಒಳ್ಳೆಯ ಮಾತು, ಒಂದು ತುಂಡು ರೊಟ್ಟಿ. ಕೇಳಿದೆಯಲ್ಲ, ಅದೇ ದೊಡ್ಡದು.

ಚಿಗರಿ ಅಮ್ಮ, ನವನಗರ (ಹೋಳಿ ಮುಗಿದ ಮೂರನೇ ದಿನ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಗನಿಗೆ ಅವತ್ತೇ ಡಾಕ್ಟರಿಗೆ ತೋರಿಸಿ ಇಂಜೆಕ್ಷನ್ ಶುರು ಮಾಡಿದೆವು. ಅವನು ಆರಾಮ. ಮನೆಯಲ್ಲಿ ಈಗ ಎಲ್ಲರಿಗೂ ‘ಬಿಡು’. ಅತ್ತೆಯವರಿಗೆ ನಾಲಿಗೆ ತಿರುಗಲು ಒಂದು ವಾರ ಬೇಕಾಯಿತು. ಈಗ ಅವರ ಮಾತನ್ನೇ ಚಿಗರಿ ಎಲ್ಲರಿಗಿಂತ ಮುಂಚೆ ಕೇಳುತ್ತದೆ.

ಮೂರು ವಾರ ಪ್ರತಿ ಸಂಜೆ ಅದನ್ನು ಎತ್ತಿಕೊಂಡು ಹೊರಟೆ. ಬಸ್ ಸ್ಟ್ಯಾಂಡ್, ತರಕಾರಿ ಮಾರುಕಟ್ಟೆಯ ಹೊರಗೆ, ಶಾಲೆ ಗೇಟು. ಮೊದಲ ದಿನ ಬಸ್ಸಿನ ಹಾರ್ನ್‌ಗೆ ನನ್ನ ಸೆರಗಿನೊಳಗೆ ನುಗ್ಗಿತು. ಡಾಕ್ಟರು ಹೇಳಿದ ಹಾಗೆ ರಸ್ತೆಯ ಆಚೆ ಬದಿಗೆ ಹೋಗಿ ಕೂತೆ. ಐದನೇ ದಿನಕ್ಕೆ ತತ್ತಿ ತುಂಡು ತಿನ್ನುತ್ತಾ ಬಸ್ಸು ನೋಡಿತು. ಹನ್ನೆರಡನೇ ವಾರಕ್ಕೆ ಎರಡನೇ ಡೋಸ್, ಹುಣ್ಣಿಮೆಗೆ ಎರಡು ದಿನ ಮೊದಲು ರೇಬೀಸ್ ಇಂಜೆಕ್ಷನ್ ಆಯಿತು.

ಹಲಗೆ ಸದ್ದು ಮೊಬೈಲಿನಲ್ಲಿ ಹದಿನೆಂಟು ದಿನ ಹಾಕಿದೆ. ನಡುವೆ ಒಂದು ದಿನ ಅವಸರಪಟ್ಟು ಜೋರು ಮಾಡಿಬಿಟ್ಟೆ. ತಾಟು ಬಿಟ್ಟು ಓಡಿತು. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು, ನಾಲ್ಕು ದಿನ ಹಿಂದೆ ಹೋಯಿತು.

ಬಣ್ಣದ ದಿನ ಒಳಕೋಣೆಯಲ್ಲಿ ಕೌದಿ ಹಾಸಿ, ಕಿಟಕಿ ಮುಚ್ಚಿ, ಕೂಲರ್ ಹಾಕಿದೆ. ನಾನು ಹೊರಗೆ ಹೋಗದೆ ಅದರ ಜೊತೆಗೇ ಕೂತೆ. ಹನ್ನೊಂದರ ಹೊತ್ತಿಗೆ ನಮ್ಮ ಓಣಿಗೇ ಹಲಗೆ ಬಂತು. ನಿಜವಾದ ಹಲಗೆ ಮೊಬೈಲಿನ ಹಾಗಲ್ಲ, ನೆಲವೇ ಅದುರುತ್ತದೆ. ಚಿಗರಿ ತಲೆ ಎತ್ತಿತು. ಕಿವಿ ಹಿಂದೆ ಹೋಯಿತು. ನನ್ನ ಎದೆ ಅದಕ್ಕಿಂತ ಜೋರು ಬಡಿದುಕೊಳ್ಳುತ್ತಿತ್ತು. ಆಮೇಲೆ ಅದು ಎದ್ದು, ಮೈ ಮುರಿದು, ತನ್ನ ಖಾಲಿ ತಾಟಿನ ಹತ್ತಿರ ಹೋಗಿ ನಿಂತು ನನ್ನ ಮುಖ ನೋಡಿತು. ಊಟ ಎಲ್ಲಿ ಅಂತ!

ಕೋಳಿ ತುಂಡು ಮೊದಲೇ ಬೇಯಿಸಿ ಇಟ್ಟಿದ್ದೆ. ಹಲಗೆ ಓಣಿ ದಾಟುವವರೆಗೂ ಒಂದೊಂದೇ ಕೊಟ್ಟೆ.

ಮಗನ ಗೆಳೆಯರು ಬಣ್ಣ ಹಚ್ಚೋಣ ಅಂತ ಬಂದರು. ಅವನೇ ಬಾಗಿಲಲ್ಲಿ ನಿಂತು, ನೆಕ್ಕಿದರೆ ಅದರ ಹೊಟ್ಟೆಗೆ ಹೋಗುತ್ತದೆ ಅಂತ ಹೇಳಿ ಕಳಿಸಿದ.

ಜಮಖಂಡಿ ಟೀಚರ್

ಓದುತ್ತಾ ಕಣ್ಣು ತುಂಬಿತು. ನನ್ನ ನಾಯಿಗೆ ನಾಲ್ಕು ವರ್ಷ. ಊಟದ ಜೊತೆ ಸಣ್ಣ ಸದ್ದು, ಇದನ್ನು ಈಗ ಶುರು ಮಾಡಬಹುದಾ ಡಾಕ್ಟರೇ?

ನಿವೃತ್ತ ಪಶುವೈದ್ಯ, ವಿಜಯಪುರ

ಖಂಡಿತ ಮಾಡಿ. ಮರಿಗೆ ಹದಿನೆಂಟು ದಿನ ಹಿಡಿದರೆ ನಿಮಗೆ ಐದಾರು ತಿಂಗಳು ಬೇಕಾಗಬಹುದು. ದೀಪಾವಳಿಗೆ ಇನ್ನೂ ಸಮಯ ಇದೆ, ಪಟಾಕಿ ಸದ್ದಿನಿಂದ ಶುರು ಮಾಡಿ. ಬಹಳ ನಡುಗುವ ನಾಯಿಗೆ ಹಬ್ಬದ ದಿನಗಳಿಗೆ ಕೊಡುವ ಔಷಧಿಯೂ ಇದೆ, ನಿಮ್ಮ ಡಾಕ್ಟರ ಹತ್ತಿರ ಒಂದು ತಿಂಗಳು ಮುಂಚೆ ಮಾತಾಡಿ.

ಚಿಗರಿ ಅಮ್ಮ, ಮೂರನೇ ಡೋಸ್ ಮರೆಯಬೇಡಿ. ಮುಂದೆ ಯಾವಾಗಲಾದರೂ ಆಪರೇಷನ್ ಮಾಡಿಸುವುದಾದರೆ ಡಾಕ್ಟರಿಗೆ ಇದು ಮುಧೋಳ ಎಂದು ಮೊದಲೇ ಹೇಳಿ. ಈ ಬಗೆಯ ತೆಳ್ಳನೆಯ ಬೇಟೆ ತಳಿಗಳಿಗೆ ಕೆಲವು ಅರಿವಳಿಕೆ ಔಷಧಿ ಬೇಗ ಇಳಿಯುವುದಿಲ್ಲ. ಬೇಸಿಗೆ ಬರುತ್ತಿದೆ. ಹೊತ್ತು ಏರುವ ಮುಂಚೆ ತಿರುಗಾಟ ಮುಗಿಸಿ. ರಸ್ತೆಗೆ ಹಿಂಗೈ ಇಟ್ಟು ಏಳು ಎಣಿಸಿ, ನಿಮ್ಮ ಕೈ ತಡೆಯದಿದ್ದರೆ ಅದರ ಪಾದವೂ ತಡೆಯುವುದಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ನೋಡುತ್ತಿರಿ.

ಚಿಗರಿ ಅಮ್ಮ, ನವನಗರ (ಮೂರು ವಾರದ ನಂತರ)

ಮೂರನೇ ಡೋಸ್ ಆಯಿತು! ಇವತ್ತು ಬೆಳಿಗ್ಗೆ ಕೌದಿ ಕೊಡವುವಾಗ ಒಂದು ಸಣ್ಣ ಹಾಲುಹಲ್ಲು ಸಿಕ್ಕಿತು. ಅಕ್ಕಿ ಕಾಳಿನಷ್ಟು. ಮಗ ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾನೆ.

ಇನ್ನು ಮೇಲೆ ನೆಲದ ಮೇಲೆ ನಡೆಸುತ್ತೇವೆ. ಆದರೆ ಪೇಟೆಯಲ್ಲಿ ತಂದ ಬೆಲ್ಟ್ ಹಾಕಿದರೆ ಹಿಂದೆ ಹಿಂದೆ ಸರಿದು ತಲೆ ಬಿಡಿಸಿಕೊಳ್ಳುತ್ತದೆ. ಬಿಗಿ ಮಾಡಿದರೆ ಕೆಮ್ಮುತ್ತದೆ. ರಸ್ತೆಯಲ್ಲಿ ಹೀಗೆ ಬಿಡಿಸಿಕೊಂಡರೆ ನಾನು ಓಡಿ ಹಿಡಿಯಲಾರೆ.

ಲೋಕಾಪುರ ಕಾಕಾ

ಯಾರೂ ಹಿಡಿಯಲಾರರು ತಂಗೀ. ಈ ನಾಯಿಗೆ ಕತ್ತು, ತಲೆ ಹೆಚ್ಚುಕಡಿಮೆ ಒಂದೇ ಅಳತೆ, ಸಾಮಾನ್ಯ ಬೆಲ್ಟ್ ನಿಲ್ಲುವುದಿಲ್ಲ. ಎರಡು ಬೆರಳಷ್ಟು ಅಗಲದ ಪಟ್ಟಿ ಬ್ಯಾಗು ಹೊಲಿಯುವವರ ಹತ್ತಿರ ಮಾಡಿಸು. ಒಳಗೆ ಮೆತ್ತನೆ ಬಟ್ಟೆ ಇರಲಿ, ಚರ್ಮ ತೆಳುವು, ಕೆತ್ತುತ್ತದೆ. ಪಟ್ಟಿಯ ಎರಡು ತುದಿಗೂ ಒಂದೊಂದು ಬಳೆ, ಆ ಬಳೆಗಳೊಳಗೆ ಒಂದು ಸಣ್ಣ ಕುಣಿಕೆ, ಹಗ್ಗ ಕುಣಿಕೆಗೆ. ಎಳೆದಾಗ ಸ್ವಲ್ಪ ಬಿಗಿಯಾಗುತ್ತದೆ, ಬಿಟ್ಟಾಗ ಸಡಿಲ. ಎರಡು ಬಳೆ ಒಂದಕ್ಕೊಂದು ತಾಗುವ ಮುಂಚೆಯೇ ಬಿಗಿ ನಿಲ್ಲಬೇಕು, ಅಷ್ಟು ಅಳತೆ. ಕಿವಿಯ ಹಿಂದೆ ಕತ್ತಿನ ಸುತ್ತಳತೆ ಒಂದು, ತಲೆಯ ದಪ್ಪ ಭಾಗದ್ದು ಒಂದು, ಎರಡನ್ನೂ ದಾರದಲ್ಲಿ ಹಿಡಿದು ಇಲ್ಲಿ ಹಾಕು. ಎಷ್ಟು ಉದ್ದ ಕತ್ತರಿಸಬೇಕು ಎಂದು ಹೇಳುತ್ತೇನೆ. ಬೆಳೆಯುವ ಮರಿ, ಎರಡು ತಿಂಗಳಿಗೆ ಮತ್ತೊಂದು ಬೇಕಾಗುತ್ತದೆ.

ಚಿಗರಿ ಅಮ್ಮ, ನವನಗರ

ಕತ್ತು 26 ಸೆಂಟಿಮೀಟರ್, ತಲೆ 27. ಮಗ ಮೂರು ಸಲ ಅಳೆದಿದ್ದಾನೆ ಕಾಕಾ.